ಕಟ್ಟಿಗೆಯ ಹೊರೆಯಿಂದ ಕೈಗಾದವರೆಗೆ: ಕಾಳಿತೀರದಲ್ಲಿ ಕಾಣುವ ನಾಡಿನ ಶಕ್ತಿಮೂಲಗಳ ಇತಿಹಾಸ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮೋಳಿಗೆಯ ಮಾರಯ್ಯನವರ ಕಾಯಕ ಕಾಡಿನಿಂದ ಕಟ್ಟಿಗೆ ತಂದು ಮಾರುವುದಾಗಿತ್ತು. ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಬಂದವರೆಂದು ಪರಂಪರೆ ಹೇಳುವ ಆ ಶರಣರು ಹೊರೆಯನ್ನು ಹೊರುವ ಈ ಕಾಯಕವನ್ನೇ ಆರಿಸಿಕೊಂಡದ್ದರಲ್ಲಿ ಒಂದು ಅರ್ಥವಿದೆ. ಊರಿನ ಒಲೆಗಳು ಉರಿಯಬೇಕಾದರೆ ಯಾರೋ ಒಬ್ಬರು ಕಾಡಿಗೆ ಹೋಗಿ ಬೆವರು ಸುರಿಸಲೇಬೇಕು. ಅನ್ನವನ್ನು ಉಣ್ಣುವವರ ಕಣ್ಣೆದುರಿಗೇ ಆ ಹೊರೆ ಬೀದಿಯಲ್ಲಿ ಸಾಗಿ ಬರುತ್ತಿತ್ತು. ನಮ್ಮ ಮಠಗಳ ದಾಸೋಹಕ್ಕೆ ಭಕ್ತರು ಅಕ್ಕಿ, ಜೋಳ, ಬೇಳೆಗಳೊಡನೆ ಕಟ್ಟಿಗೆಯ ಗಾಡಿಯನ್ನೂ ಅರ್ಪಿಸುತ್ತಿದ್ದ ವಾಡಿಕೆಯನ್ನು ಹಿರಿಯರು ಬಲ್ಲರು. ಧಾನ್ಯ ಕೊಟ್ಟವರಂತೆಯೇ ಉರುವಲು ಕೊಟ್ಟವರೂ ದಾಸೋಹಿಗಳೆಂದೇ ಎಣಿಕೆಯಾಗುತ್ತಿದ್ದರು.

ಇಂದು ಗುಂಡಿಯೊತ್ತಿದರೆ ದೀಪ ಬೆಳಗುತ್ತದೆ, ಪಂಖ ತಿರುಗುತ್ತದೆ, ಕೊಳವೆಬಾವಿಯ ನೀರು ಮೇಲಕ್ಕೇರುತ್ತದೆ. ಹೊರೆ ಹೊತ್ತವರು ಯಾರೆಂಬುದು ಮಾತ್ರ ಕಾಣುವುದಿಲ್ಲ. ಒಂದು ರಾಷ್ಟ್ರದ ಶಕ್ತಿಮೂಲಗಳು ಕಾಲದಿಂದ ಕಾಲಕ್ಕೆ ಹೇಗೆ ಬದಲಾದವು, ಆ ಬದಲಾವಣೆಯೊಡನೆ ಹೊರೆ ಯಾರ ಹೆಗಲಿಗೆ ಹೋಯಿತು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದಕ್ಕೆ ಕಾರವಾರ ಮತ್ತು ಅಂಕೋಲೆಯ ಪ್ರದೇಶಕ್ಕಿಂತ ಉತ್ತಮವಾದ ಪಾಠಸ್ಥಳ ನಮ್ಮ ನಾಡಿನಲ್ಲಿ ವಿರಳ. ಕಟ್ಟಿಗೆ, ಎಣ್ಣೆ, ಗಾಳಿ, ಬಿಸಿಲು, ಡೀಸೆಲ್, ಜಲವಿದ್ಯುತ್, ಅಣುವಿದ್ಯುತ್ - ಇವೆಲ್ಲವೂ ಈ ಕಿರಿದಾದ ಕರಾವಳಿಯಲ್ಲಿ ಒಂದರ ಪಕ್ಕದಲ್ಲೊಂದು ಕಾಣಸಿಗುತ್ತವೆ.

ಒಂದು ಯೂನಿಟ್ಟಿನ ತೂಕ

ಮೊದಲಿಗೆ ಅಳತೆಯ ಮಾತು. ವಿದ್ಯುತ್ ಬಿಲ್ಲಿನಲ್ಲಿ ನಾವು ಕಾಣುವ ಒಂದು ಯೂನಿಟ್ ಎಂದರೆ ಸಾವಿರ ವ್ಯಾಟ್ ಶಕ್ತಿಯನ್ನು ಒಂದು ಗಂಟೆಯ ಕಾಲ ಬಳಸುವುದು. ಹಳೆಯ ಕಾಲದ 100 ವ್ಯಾಟ್ ಬಲ್ಬು ಹತ್ತು ಗಂಟೆ ಉರಿದರೆ ಒಂದು ಯೂನಿಟ್ ವೆಚ್ಚವಾಗುತ್ತಿತ್ತು. ಇಂದಿನ 10 ವ್ಯಾಟ್ ಎಲ್‌ಇಡಿ ದೀಪ ಅಷ್ಟೇ ಶಕ್ತಿಯಲ್ಲಿ ನೂರು ಗಂಟೆ ಬೆಳಗುತ್ತದೆ.

ಇದನ್ನು ಮನುಷ್ಯನ ದುಡಿಮೆಯೊಡನೆ ಹೋಲಿಸಿ ನೋಡಬೇಕು. ಗಟ್ಟಿಮುಟ್ಟಾದ ಆಳೊಬ್ಬನು ದಿನವಿಡೀ ನೀರೆತ್ತಿ ಅಥವಾ ಮಣ್ಣು ಹೊತ್ತು ದುಡಿದರೆ ಅವನ ತೋಳುಗಳಿಂದ ನಡೆಯುವ ಕೆಲಸ ಸುಮಾರು ಅರ್ಧ ಯೂನಿಟ್ಟಿಗೆ ಸಮ. ಎಂದರೆ, ಕೆಲವೇ ರೂಪಾಯಿಗೆ ನಮಗೆ ದೊರೆಯುವ ಒಂದು ಯೂನಿಟ್ಟಿನಲ್ಲಿ ಇಬ್ಬರು ಮನುಷ್ಯರ ಒಂದು ದಿನದ ಬೆವರು ಅಡಗಿದೆ. ತಿಂಗಳಿಗೆ ನೂರು ಯೂನಿಟ್ ಬಳಸುವ ಸಾಮಾನ್ಯ ಸಂಸಾರಕ್ಕೆ ಪ್ರತಿದಿನವೂ ಆರೇಳು ಮಂದಿ ಆಳುಗಳು ಕಾಣದಂತೆ ದುಡಿಯುತ್ತಿದ್ದಾರೆ ಎಂದು ಭಾವಿಸಿದರೆ ಲೆಕ್ಕ ತಪ್ಪಾಗದು. ಕಾಯಕಕ್ಕೆ ಮಹತ್ವ ಕೊಟ್ಟ ಪರಂಪರೆಯವರಾದ ನಮಗೆ ಈ ಹೋಲಿಕೆ ಬೇಗ ಮನಸ್ಸಿಗೆ ನಾಟಬೇಕು.

ತೋಳು, ಎತ್ತು, ಗಾಳಿ, ಬಿಸಿಲು

ಯಂತ್ರಯುಗಕ್ಕೆ ಮುನ್ನ ಕರಾವಳಿಯ ಬದುಕು ನಡೆದದ್ದು ನಾಲ್ಕು ಬಗೆಯ ಶಕ್ತಿಗಳಿಂದ. ಮನುಷ್ಯರ ಮತ್ತು ದನಗಳ ಮೈಬಲ ಮೊದಲನೆಯದು. ಭತ್ತ ಒರಳಿನಲ್ಲಿ ಒನಕೆಯಿಂದ ಅಕ್ಕಿಯಾಗುತ್ತಿತ್ತು. ಕೊಬ್ಬರಿ ಎತ್ತಿನ ಗಾಣದಲ್ಲಿ ಎಣ್ಣೆಯಾಗುತ್ತಿತ್ತು. ತೋಟಕ್ಕೆ ಏತದ ನೀರು ಹರಿಯುತ್ತಿತ್ತು. ಕಾರವಾರದ ಕಡಲತೀರದಲ್ಲಿ ರಂಪಣಿ ಬಲೆಯನ್ನು ಎಳೆಯಲು ನೂರಾರು ಕೈಗಳು ಕೂಡುತ್ತಿದ್ದವು, ಬಂದ ಮೀನು ಎಳೆದವರಿಗೆಲ್ಲ ಪಾಲಾಗಿ ಹಂಚಿಕೆಯಾಗುತ್ತಿತ್ತು.

ಎರಡನೆಯದು ಕಟ್ಟಿಗೆ. ಅಂಕೋಲೆಯ ಸುತ್ತಲಿನ ಹಾಲಕ್ಕಿ ಒಕ್ಕಲಿಗ ಮಹಿಳೆಯರು ಕಾಡಿನಿಂದ ಒಣಕಟ್ಟಿಗೆಯ ತಲೆಹೊರೆ ಹೊತ್ತು ಪೇಟೆಗೆ ನಡೆದುಬಂದು ಮಾರುತ್ತಿದ್ದುದು ಬಹುಕಾಲದವರೆಗೆ ನಿತ್ಯದ ನೋಟವಾಗಿತ್ತು. ಒಂದು ಕಿಲೋ ಒಣಕಟ್ಟಿಗೆಯಲ್ಲಿ ಸುಮಾರು ನಾಲ್ಕು ಯೂನಿಟ್‌ನಷ್ಟು ಶಾಖವಿದೆ. ಆದರೆ ಮೂರು ಕಲ್ಲಿನ ಒಲೆಯಲ್ಲಿ ಪಾತ್ರೆಗೆ ತಲುಪುವುದು ಅದರ ಹತ್ತನೆಯ ಒಂದು ಪಾಲು ಮಾತ್ರ. ಉಳಿದದ್ದು ಗಾಳಿಗೆ, ಗೋಡೆಗೆ ಮತ್ತು ಹೊಗೆಯಾಗಿ ತಾಯಂದಿರ ಶ್ವಾಸಕೋಶಕ್ಕೆ ಸೇರುತ್ತದೆ. ಬೆಳಕಿಗೆ ಹೊನ್ನೆಎಣ್ಣೆಯ ದೀಪ, ಇರುಳ ದಾರಿಗೆ ತೆಂಗಿನ ಗರಿಯ ಸೂಡಿ. ಒಟ್ಟಿನಲ್ಲಿ ಶಾಖವೂ ಬೆಳಕೂ ಗಿಡಮರಗಳಿಂದಲೇ ಬರುತ್ತಿದ್ದವು.

ಮೂರನೆಯದು ಗಾಳಿ. 1638ರಲ್ಲಿ ಇಂಗ್ಲಿಷ್ ವರ್ತಕರು ಕಾರವಾರದಲ್ಲಿ ಕೋಠಿ ತೆರೆದು ಕರಿಮೆಣಸು ಮತ್ತು ನವುರಾದ ಬಟ್ಟೆಯನ್ನು ಕೊಂಡದ್ದು ಹಾಯಿಯ ಹಡಗುಗಳ ಬಲದಿಂದ. ಗಾಳಿ ಪುಕ್ಕಟೆಯಾದರೂ ಅದರ ಇಚ್ಛೆಯಂತೆ ನಾವು ನಡೆಯಬೇಕು. ಮಳೆಗಾಲದಲ್ಲಿ ಹಾಯಿ ಇಳಿಸಿ, ದೋಣಿಗಳನ್ನು ದಡಕ್ಕೆಳೆದು, ಬಂದರು ಕಾಯುತ್ತ ಕೂರುತ್ತಿತ್ತು.

ನಾಲ್ಕನೆಯದು ಬಿಸಿಲು. ಅಂಕೋಲೆಗೆ ಅನತಿದೂರದ ಸಾಣಿಕಟ್ಟೆಯ ಉಪ್ಪಿನಾಗರಗಳಲ್ಲಿ ಸಮುದ್ರದ ನೀರನ್ನು ಪಾತಿಗಳಲ್ಲಿ ನಿಲ್ಲಿಸಿ ಸೂರ್ಯನ ಶಾಖದಿಂದ ಆರಿಸಿ ಉಪ್ಪು ತೆಗೆಯುತ್ತಾರೆ. ಅಷ್ಟು ನೀರನ್ನು ಕಟ್ಟಿಗೆಯ ಬೆಂಕಿಯಿಂದ ಆವಿಯಾಗಿಸಬೇಕಾಗಿದ್ದರೆ ಕಾಡುಗಳೇ ಬರಿದಾಗುತ್ತಿದ್ದವು. ಸೌರಶಕ್ತಿಯೆಂಬುದು ಹೊಸ ಶೋಧವೆಂದು ಭಾವಿಸುವವರು ಈ ಆಗರಗಳನ್ನೊಮ್ಮೆ ನೋಡಬೇಕು. 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ನಡೆದ ಉಪ್ಪಿನ ಸತ್ಯಾಗ್ರಹವು ಎತ್ತಿದ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡದ್ದೇ: ನಮ್ಮ ಕಡಲು, ನಮ್ಮ ಬಿಸಿಲು, ನಮ್ಮ ದುಡಿಮೆ ಇವುಗಳಿಂದಾದ ವಸ್ತುವಿನ ಮೇಲೆ ಒಡೆತನ ಯಾರದು?

ಕಲ್ಲಿದ್ದಲು ಮತ್ತು ಎಣ್ಣೆಯ ಯುಗ

ಭಾರತದಲ್ಲಿ ಕಲ್ಲಿದ್ದಲಿನ ಗಣಿಗಾರಿಕೆ 1774ರಲ್ಲಿ ಬಂಗಾಳದ ರಾಣಿಗಂಜ್‌ನಲ್ಲಿ ಮೊದಲಾಯಿತು. 1853ರಲ್ಲಿ ಮುಂಬಯಿಯಿಂದ ಠಾಣೆಗೆ ಉಗಿಬಂಡಿ ಓಡಿದ ಮೇಲೆ ಕಲ್ಲಿದ್ದಲು ರಾಷ್ಟ್ರದ ಪ್ರಧಾನ ಶಕ್ತಿಯಾಗುತ್ತ ಹೋಯಿತು. ಕಾರವಾರದ ನೆಲದಲ್ಲಿ ಕಲ್ಲಿದ್ದಲಿಲ್ಲ. ಆದರೂ ಅದರ ಪೆಟ್ಟು ಈ ಊರಿಗೆ ಬಲವಾಗಿಯೇ ತಗುಲಿತು.

1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಏರಿತು. ಅದೇ ಸುಮಾರಿಗೆ, 1862ರಲ್ಲಿ, ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿ, ಕಾರವಾರವನ್ನು ದೊಡ್ಡ ಬಂದರಾಗಿ ಬೆಳೆಸುವ ಆಲೋಚನೆ ಬಲಗೊಂಡಿತು. ಎತ್ತಿನ ಗಾಡಿಗಳು ಘಟ್ಟವಿಳಿದು ಹತ್ತಿಯನ್ನು ಕಾರವಾರ, ಕುಮಟೆಗಳಿಗೆ ತರುತ್ತಿದ್ದವು. ಧಾರವಾಡದ ಹತ್ತಿ ಮುಂಬಯಿ ಪೇಟೆಯಲ್ಲಿ 'ಕುಮಟಾ' ಎಂಬ ಹೆಸರಿನಿಂದಲೇ ಪ್ರಸಿದ್ಧವಾಗಿತ್ತು. ಆದರೆ 1880ರ ದಶಕದ ಕೊನೆಯಲ್ಲಿ ಹುಬ್ಬಳ್ಳಿಯ ಕಡೆಯಿಂದ ಕ್ಯಾಸಲ್‌ರಾಕ್ ಮಾರ್ಗವಾಗಿ ಗೋವೆಯ ಮರ್ಮಗೋವಾ ಬಂದರಿಗೆ ರೈಲುಹಾದಿ ತೆರೆಯಿತು. ದಿನಗಟ್ಟಲೆ ನಡೆಯುವ ಎತ್ತುಗಳು ಉಗಿಯಂತ್ರದೊಡನೆ ಸ್ಪರ್ಧಿಸಲಾರದೆ ಹೋದವು. ವ್ಯಾಪಾರ ಉತ್ತರಕ್ಕೆ ಸರಿಯಿತು. ಬಂದರು ಹಾಗೆಯೇ ಇತ್ತು, ಕಡಲೂ ಹಾಗೆಯೇ ಇತ್ತು. ಶಕ್ತಿಯ ಮೂಲ ಬದಲಾದಾಗ ಊರಿನ ಭಾಗ್ಯ ಬದಲಾಯಿತು. ಕಾರವಾರ, ಅಂಕೋಲೆಗಳು ರೈಲನ್ನು ಕಾಣಲು ಮತ್ತೊಂದು ಶತಮಾನ ಕಾಯಬೇಕಾಯಿತು. ಕೊಂಕಣ ರೈಲ್ವೆ ಪೂರ್ಣವಾಗಿ ತೆರೆದದ್ದು 1998ರಲ್ಲಿ. ಅಂದು ಡೀಸೆಲ್‌ನಿಂದ ಓಡಿದ ಆ ಬಂಡಿಗಳು 2022ರಲ್ಲಿ ಮಾರ್ಗದ ವಿದ್ಯುದೀಕರಣ ಮುಗಿದ ಬಳಿಕ ತಂತಿಯ ಶಕ್ತಿಯಿಂದ ಓಡತೊಡಗಿದವು.

ಈ ನಡುವೆ ಚಿಮಣಿಎಣ್ಣೆ ಮನೆಮನೆಯನ್ನು ಹೊಕ್ಕಿತು. ಹೊನ್ನೆಎಣ್ಣೆಯ ಹಣತೆಯನ್ನು ಚಿಮಣಿಬುಡ್ಡಿಯೂ ಕಂದೀಲೂ ಬದಿಗೊತ್ತಿದವು. ನಮ್ಮ ಹಿರಿಯ ತಲೆಮಾರಿನ ಅನೇಕ ಶಿಕ್ಷಕರು ಓದಿ ಪರೀಕ್ಷೆ ಗೆದ್ದದ್ದು ಕಂದೀಲಿನ ಬೆಳಕಿನಲ್ಲೇ. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಹೊನ್ನೆಯ ಬೀಜವನ್ನು ಹಿತ್ತಲಿನಲ್ಲಿ ಆರಿಸಬಹುದಾಗಿತ್ತು. ಚಿಮಣಿಎಣ್ಣೆಗೆ ಅಂಗಡಿಗೋ ಪಡಿತರದ ಸಾಲಿಗೋ ಹೋಗಬೇಕಾಯಿತು. ಬೆಳಕು ಹೆಚ್ಚಿತು, ಅದರೊಡನೆ ಪರಾವಲಂಬನೆಯೂ ಹೆಚ್ಚಿತು.

ಕಡಲಿನಲ್ಲಿಯೂ ಹೀಗೆಯೇ ನಡೆಯಿತು. 1960ರ ದಶಕದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಕಾರವಾರಕ್ಕೂ ಬಂದು, ಯಂತ್ರದ ದೋಣಿಗಳು ಬಳಕೆಗೆ ಬಂದವು. 1970ರ ದಶಕದ ನಡುವಿನಿಂದ ಪರ್ಸೀನ್ ಬಲೆಯ ದೋಣಿಗಳು ಬಂದ ಮೇಲೆ, ದಡಕ್ಕೆ ಬರುವ ಮುನ್ನವೇ ಮೀನು ಕಡಲಲ್ಲೇ ಹಿಡಿಯಲ್ಪಟ್ಟು, ರಂಪಣಿ ಕ್ರಮೇಣ ಮರೆಯಾಯಿತು. ನೂರು ಜನರ ತೋಳಿನ ಕೆಲಸವನ್ನು ಡೀಸೆಲ್ ಎಂಜಿನ್ ಮಾಡಿತು. ಹಿಡಿದ ಮೀನಿನ ಮೊತ್ತ ಏರಿತು. ಪಾಲು ಪಡೆಯುವ ಕೈಗಳು ಕಡಿಮೆಯಾದವು.

ನೀರಿನಿಂದ ಬೆಳಕು

ಕನ್ನಡ ನಾಡಿನ ವಿದ್ಯುತ್ತಿನ ಇತಿಹಾಸ ನೀರಿನ ಇತಿಹಾಸವೇ ಆಗಿದೆ. ಕಾವೇರಿಯ ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ 1902ರ ಜೂನ್‌ನಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಅಂದಿಗೆ ಅದು ಜಗತ್ತಿನ ಅತಿ ದೂರದ ವಿದ್ಯುತ್ ಸಾಗಣೆಗಳಲ್ಲೊಂದು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತು. ಈ ಘಟನೆಯ ಮಹತ್ವ ಯಂತ್ರಕೌಶಲಕ್ಕಷ್ಟೇ ಸೀಮಿತವಲ್ಲ. ಕಟ್ಟಿಗೆಯನ್ನು ಎತ್ತಿನ ಗಾಡಿಯಲ್ಲಿ ಬಹುದೂರ ಸಾಗಿಸಿದರೆ ಲಾಭವಿಲ್ಲ. ಆದುದರಿಂದ ಉರುವಲು ಬಳಸುವವರೂ ಕಾಡೂ ಒಂದಕ್ಕೊಂದು ಸಮೀಪದಲ್ಲೇ ಇರುತ್ತಿದ್ದರು. ತಂತಿಯು ಈ ಸಾಮೀಪ್ಯವನ್ನು ಕಡಿಯಿತು. ನೀರು ಒಂದೆಡೆ, ಬೆಳಕು ಇನ್ನೊಂದೆಡೆ ಇರಲು ಅಂದಿನಿಂದ ಸಾಧ್ಯವಾಯಿತು.

ಸ್ವಾತಂತ್ರ್ಯಾನಂತರ ಜೋಗದ ವಿದ್ಯುದಾಗಾರ, 1964ರ ಲಿಂಗನಮಕ್ಕಿ ಅಣೆಕಟ್ಟು, ಅದನ್ನವಲಂಬಿಸಿದ 1,035 ಮೆಗಾವ್ಯಾಟ್‌ನ ಶರಾವತಿ ವಿದ್ಯುದಾಗಾರ - ಇವು ರಾಜ್ಯದ ಕೈಗಾರಿಕೆಗೆ ಬೆನ್ನೆಲುಬಾದವು. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರ ಆರಂಭವಾಗುವವರೆಗೂ ಕರ್ನಾಟಕ ಬಹುಮಟ್ಟಿಗೆ ಜಲವಿದ್ಯುತ್ತನ್ನೇ ನಂಬಿತ್ತು. ಮಳೆ ಕೈಕೊಟ್ಟ ವರ್ಷ ಗಿರಣಿಗಳೂ ನಿಲ್ಲುತ್ತಿದ್ದವು.

ಈ ಸರಣಿಯಲ್ಲಿ ಕಾಳಿಯ ಸರದಿ ಬಂತು. ಜೊಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸುಮಾರು 184 ಕಿಲೋಮೀಟರ್ ಹರಿದು ಸದಾಶಿವಗಡದ ಬುಡದಲ್ಲಿ ಕಡಲು ಸೇರುವ ಈ ನದಿಗೆ ಅಡ್ಡಲಾಗಿ ಸೂಪಾದಲ್ಲಿ 101 ಮೀಟರ್ ಎತ್ತರದ ಅಣೆಕಟ್ಟಿನ ಕೆಲಸ 1974ರಲ್ಲಿ ತೊಡಗಿ 1987ರಲ್ಲಿ ಮುಗಿಯಿತು. ಅದರಲ್ಲಿ ಸುಮಾರು 147 ಟಿಎಂಸಿ ನೀರು ನಿಲ್ಲುತ್ತದೆ.

ನೀರು ವಿದ್ಯುತ್ತಾಗುವ ಬಗೆಯನ್ನು ವಿದ್ಯಾರ್ಥಿಗಳಿಗೆ ಹೀಗೆ ವಿವರಿಸಬಹುದು. ಸಾವಿರ ಲೀಟರ್ ನೀರು 367 ಮೀಟರ್ ಎತ್ತರದಿಂದ ಕೆಳಗಿಳಿದರೆ ಅದು ಬಿಟ್ಟುಕೊಡುವ ಶಕ್ತಿ ಒಂದು ಯೂನಿಟ್. ಸೂಪಾದ ತುಂಬಿದ ಜಲಾಶಯ ಸಮುದ್ರಮಟ್ಟದಿಂದ 564 ಮೀಟರ್ ಎತ್ತರದಲ್ಲಿದೆ. ಆದ್ದರಿಂದ ಅಲ್ಲಿಯ ಸಾವಿರ ಲೀಟರ್ ನೀರು ಕಾರವಾರದ ಕಡಲನ್ನು ಮುಟ್ಟುವುದರೊಳಗೆ ತಾತ್ತ್ವಿಕವಾಗಿ ಒಂದೂವರೆ ಯೂನಿಟ್ ಕೊಡಬಲ್ಲದು. ಎಂಜಿನಿಯರರು ಈ ಇಳಿತವನ್ನು ಮೆಟ್ಟಿಲುಗಳಾಗಿ ವಿಂಗಡಿಸಿದರು. ಸೂಪಾದ ಬುಡದಲ್ಲಿ 100 ಮೆಗಾವ್ಯಾಟ್. ಬೊಮ್ಮನಹಳ್ಳಿಯಿಂದ ಸುರಂಗದ ಮೂಲಕ ಇಳಿದು ನಾಗಝರಿಯಲ್ಲಿ 850 ಮೆಗಾವ್ಯಾಟ್‌ಗೂ ಅಧಿಕ. ಅನಂತರ ಕೊಡಸಳ್ಳಿಯಲ್ಲಿ 120. ಕೊನೆಗೆ ಕದ್ರಾದಲ್ಲಿ 150. ನಾಗಝರಿ 1979-80ರಿಂದ ಕೆಲಸ ಆರಂಭಿಸಿದರೆ, ಕೊಡಸಳ್ಳಿ ಮತ್ತು ಕದ್ರಾಗಳು 1990ರ ದಶಕದ ಕೊನೆಯವು. ಒಂದೇ ನೀರು ನಾಲ್ಕು ಕಡೆ ದುಡಿಯುತ್ತದೆ.

ಇದರ ಬೆಲೆಯನ್ನೂ ಹೇಳಬೇಕು. ಸೂಪಾ ಒಂದು ತಾಲೂಕು ಕೇಂದ್ರವಾಗಿತ್ತು. ಅದರ ಪೇಟೆ, ಮನೆಗಳು, ದೇವಸ್ಥಾನಗಳು, ಸುತ್ತಲಿನ ಹತ್ತಾರು ಹಳ್ಳಿಗಳು ಮತ್ತು ಗದ್ದೆಗಳು ನೀರಿನಡಿ ಸೇರಿದವು. ತಾಲೂಕು ಕಚೇರಿ ಜೊಯಿಡಾಕ್ಕೆ ಹೋಯಿತು. ಅನೇಕ ಕುಟುಂಬಗಳು ರಾಮನಗರದಲ್ಲಿ ನೆಲೆಯೂರಿದವು. ಸೂಪಾ ಎಂಬ ಊರು ಅಣೆಕಟ್ಟಿನ ಹೆಸರಾಗಿ ಮಾತ್ರ ಉಳಿಯಿತು. ಆ ಜಲಾಶಯದ ಆಸುಪಾಸಿನ ಕಾಡಿನೊಳಗಿನ ಕೆಲವು ಮಜರೆಗಳಿಗೆ ವಿದ್ಯುತ್ ತಂತಿ ತಲುಪಲು ಬಳಿಕವೂ ದಶಕಗಳು ಹಿಡಿದವು. ಕೆಳದಂಡೆಯ ಕಷ್ಟ ಬೇರೆ ಬಗೆಯದು. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ಭಾರಿ ಮಳೆಯಲ್ಲಿ ಕದ್ರಾದ ಬಾಗಿಲುಗಳನ್ನು ತೆರೆದಾಗ ಕಾಳಿಯ ದಂಡೆಯ ಗ್ರಾಮಗಳಿಗೆ ನೀರು ನುಗ್ಗಿತು. ಅಣೆಕಟ್ಟು ಹೊಳೆಯನ್ನು ಪಳಗಿಸುತ್ತದೆಂಬುದು ವಾಡಿಕೆಯ ಮಾತು. ತುಂಬಿದ ಅಣೆಕಟ್ಟಿನ ಕೆಳಗೆ ಬಾಳುವವರಿಗೆ ಮಳೆಗಾಲದ ರಾತ್ರಿಗಳು ಹಾಗೆ ತೋರುವುದಿಲ್ಲ.

ಪಕ್ಕದ ನದಿಯ ಕಥೆ ಬೇರೆ. ಅಂಕೋಲೆಯಲ್ಲಿ ಗಂಗಾವಳಿಯೆಂದು ಕರೆಯಲ್ಪಡುವ ಹೊಳೆಯೇ ಘಟ್ಟದ ಮೇಲಿನ ಬೇಡ್ತಿ. ಅದಕ್ಕೂ ಜಲವಿದ್ಯುತ್ ಯೋಜನೆ ಸಿದ್ಧವಾಗಿತ್ತು. 1980ರ ದಶಕದ ಆರಂಭದಲ್ಲಿ ಶಿರಸಿಯಲ್ಲಿ ಅಡಿಕೆ ಬೆಳೆಗಾರರೂ ವಿಜ್ಞಾನಿಗಳೂ ಒಂದೆಡೆ ಕುಳಿತು, ಬರುವ ವಿದ್ಯುತ್ತಿಗೂ ಮುಳುಗುವ ತೋಟ-ಕಾಡುಗಳಿಗೂ ಲೆಕ್ಕ ಹಾಕಿದರು. ಆ ಯೋಜನೆಯನ್ನು ಕೈಬಿಡಲಾಯಿತು. ಕಾಳಿಗೆ ಅಣೆಕಟ್ಟುಗಳಾದವು, ಬೇಡ್ತಿ ಉಳಿಯಿತು. ಎರಡರಲ್ಲಿ ಯಾವುದು ಸರಿಯೆಂಬ ವಾದ ಇಂದಿಗೂ ಇದೆ. ಆದರೆ ಕಟ್ಟುವ ಮೊದಲೇ ಲೆಕ್ಕವನ್ನು ಬಹಿರಂಗವಾಗಿ ಹಾಕಬಹುದೆಂದು, ಅದಕ್ಕೆ ಕಷ್ಟ ಅನುಭವಿಸುವವರೇ ಕೂಡಬಹುದೆಂದು ಬೇಡ್ತಿಯ ಪ್ರಸಂಗ ತೋರಿಸಿಕೊಟ್ಟಿತು.

ಅಣುವಿನ ಒಲೆ

ಕಾರವಾರ ತಾಲೂಕಿನ ಕೈಗಾದಲ್ಲಿ ಕದ್ರಾ ಜಲಾಶಯದ ಅಂಚಿಗೆ ಅಣುವಿದ್ಯುತ್ ಕೇಂದ್ರವಿದೆ. ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಲ್ಲಿ ಮೊದಲೆರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಇಲ್ಲಿಯ ತತ್ತ್ವ ನಿಗೂಢವೇನಲ್ಲ. ಯುರೇನಿಯಂ ಪರಮಾಣುವಿನ ಬೀಜ ಒಡೆದಾಗ ಶಾಖ ಹುಟ್ಟುತ್ತದೆ. ಆ ಶಾಖದಿಂದ ನೀರು ಉಗಿಯಾಗುತ್ತದೆ. ಉಗಿ ಚಕ್ರವನ್ನು ತಿರುಗಿಸುತ್ತದೆ. ಒಲೆ ಮಾತ್ರ ಹೊಸದು, ಮುಂದಿನದೆಲ್ಲ ರಾಯಚೂರಿನಂತೆಯೇ. ಇಲ್ಲಿ ನೈಸರ್ಗಿಕ ಯುರೇನಿಯಂ ಇಂಧನವಾಗಿ, ನ್ಯೂಟ್ರಾನ್‌ಗಳ ವೇಗವನ್ನು ತಗ್ಗಿಸಲು ಭಾರಜಲ ಬಳಕೆಯಾಗುತ್ತದೆ.

ಇಂಧನದ ಸಾಂದ್ರತೆಯನ್ನು ಹೋಲಿಸಿದರೆ ಈ ಮೂಲದ ಆಕರ್ಷಣೆ ತಿಳಿಯುತ್ತದೆ. ಒಂದು ಕಿಲೋ ಕಲ್ಲಿದ್ದಲಿನಿಂದ ನಮ್ಮ ದೇಶದ ಕೇಂದ್ರಗಳಲ್ಲಿ ದೊರೆಯುವುದು ಸುಮಾರು ಒಂದೂವರೆ ಯೂನಿಟ್. ಒಂದು ಕಿಲೋ ನೈಸರ್ಗಿಕ ಯುರೇನಿಯಂ ಕೈಗಾದಂಥ ಸ್ಥಾವರದಲ್ಲಿ 45ರಿಂದ 50 ಸಾವಿರ ಯೂನಿಟ್ ಕೊಡುತ್ತದೆ. ಹೊಗೆಯಿಲ್ಲ, ಮಳೆಗಾಗಿ ಕಾಯಬೇಕಾಗಿಲ್ಲ. ಕೈಗಾದ ಮೊದಲ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್‌ವರೆಗೆ 962 ದಿನ ಎಡೆಬಿಡದೆ ನಡೆದು ಅಂದಿನ ವಿಶ್ವದಾಖಲೆ ಸ್ಥಾಪಿಸಿತು.

ಆದರೆ ಈ ಒಲೆಯ ಬೂದಿ ಸಾಮಾನ್ಯವಾದುದಲ್ಲ. ಬಳಸಿದ ಇಂಧನ ವರ್ಷಗಟ್ಟಲೆ ನೀರಿನ ಕೊಳದಲ್ಲಿ ತಣಿಯಬೇಕು. ಅದರೊಳಗಿನ ವಿಕಿರಣ ತಲೆಮಾರುಗಳ ಆಚೆಗೂ ಕಾವಲನ್ನು ಬೇಡುತ್ತದೆ. ಕೈಗಾದ ಯೋಜನೆಯನ್ನು ಜಿಲ್ಲೆಯ ಅನೇಕರು ಪ್ರಬಲವಾಗಿ ವಿರೋಧಿಸಿದರು. ಡಾ. ಶಿವರಾಮ ಕಾರಂತರು ತಮ್ಮ ಇಳಿವಯಸ್ಸಿನಲ್ಲಿ, 1989ರಲ್ಲಿ, ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟು ಈ ಕ್ಷೇತ್ರದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. 1994ರ ಮೇ ತಿಂಗಳಲ್ಲಿ ನಿರ್ಮಾಣದ ಹಂತದಲ್ಲಿದ್ದ ಒಂದನೆಯ ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ಇಂಧನ ಇನ್ನೂ ತುಂಬಿರದ ಕಾರಣ ವಿಕಿರಣದ ಅಪಾಯವಾಗಲಿಲ್ಲ; ಗುಮ್ಮಟದ ವಿನ್ಯಾಸವನ್ನು ಪರಿಷ್ಕರಿಸಿ ಮತ್ತೆ ಕಟ್ಟಲಾಯಿತು. ಪ್ರಶ್ನೆ ಕೇಳಿದವರ ಎಚ್ಚರವೂ ಕಟ್ಟಿದವರ ಎಚ್ಚರವೂ ಇಂಥ ಸ್ಥಾವರಕ್ಕೆ ಸಮವಾಗಿ ಬೇಕೆಂಬುದಕ್ಕೆ ಈ ಘಟನೆಯೇ ಸಾಕ್ಷಿ. ತಲಾ 700 ಮೆಗಾವ್ಯಾಟ್‌ನ ಇನ್ನೆರಡು ಘಟಕಗಳಿಗೆ 2017ರಲ್ಲಿ ಕೇಂದ್ರದ ಒಪ್ಪಿಗೆ ದೊರೆತಿರುವುದರಿಂದ ಈ ಎಚ್ಚರದ ಅಗತ್ಯ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ.

ಮತ್ತೆ ಬಿಸಿಲು, ಮತ್ತೆ ಗಾಳಿ

ಶಕ್ತಿಯ ಇತಿಹಾಸ ಇದೀಗ ಹಳೆಯ ಗೆಳೆಯರತ್ತ ಹೊರಳಿದೆ. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಉದ್ಯಾನ ಹರಡಿದೆ. ಅಲ್ಲಿಯ ರೈತರ ಭೂಮಿಯನ್ನು ಸ್ವಾಧೀನ ಮಾಡಿಕೊಳ್ಳದೆ ವರ್ಷಕ್ಕಿಷ್ಟೆಂದು ಗುತ್ತಿಗೆಗೆ ಪಡೆದದ್ದು ಸೂಪಾದ ದಿನಗಳಿಗಿಂತ ಒಂದು ಹೆಜ್ಜೆ ಮುಂದಿನದು. ಭೂಮಿಯಿಲ್ಲದೆ ಅದೇ ಹೊಲಗಳಲ್ಲಿ ಕೂಲಿಮಾಡುತ್ತಿದ್ದವರಿಗೆ ಮಾತ್ರ ಆ ಗುತ್ತಿಗೆಯ ಹಣದಲ್ಲಿ ಪಾಲಿಲ್ಲ. ತಂತಿ ತಲುಪದ ಮಲೆನಾಡು-ಕರಾವಳಿಯ ಒಂಟಿಮನೆಗಳಿಗೆ 1990ರ ದಶಕದಿಂದ ಚಾವಣಿಯ ಸೌರಫಲಕಗಳು ದೀಪ ಕೊಟ್ಟಿವೆ.

2025ರ ನಡುಭಾಗಕ್ಕೆ ದೇಶದ ಒಟ್ಟು ಸ್ಥಾಪಿತ ಸಾಮರ್ಥ್ಯ ಸುಮಾರು 4,85,000 ಮೆಗಾವ್ಯಾಟ್ ಆಗಿ, ಅದರ ಅರ್ಧದಷ್ಟು ಕಲ್ಲಿದ್ದಲು, ಅನಿಲ, ಎಣ್ಣೆಗಳನ್ನು ಹೊರತುಪಡಿಸಿದ ಮೂಲಗಳದ್ದೆಂದು ಸರ್ಕಾರ ಪ್ರಕಟಿಸಿತು. ಸ್ವಾತಂತ್ರ್ಯದ ವೇಳೆಗೆ ಇಡೀ ದೇಶದ ಸಾಮರ್ಥ್ಯ 1,362 ಮೆಗಾವ್ಯಾಟ್ ಆಗಿತ್ತೆಂಬುದನ್ನು ನೆನೆದರೆ ಇದು ದೊಡ್ಡ ಸಾಧನೆಯೇ ಸರಿ. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ಸೌರಫಲಕ ದಿನದ ಐದನೆಯ ಒಂದು ಪಾಲಿನಷ್ಟು ಹೊತ್ತು ಪೂರ್ಣ ದುಡಿದಂತೆ ಲೆಕ್ಕ; ಕಲ್ಲಿದ್ದಲಿನ ಕೇಂದ್ರ ಇರುಳೂ ದುಡಿಯುತ್ತದೆ. ಆದುದರಿಂದ ನಾವು ಬಳಸುವ ಯೂನಿಟ್ಟುಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಈಗಲೂ ಕಲ್ಲಿದ್ದಲಿನದೇ. 2024-25ರಲ್ಲಿ ದೇಶದ ಕಲ್ಲಿದ್ದಲಿನ ಉತ್ಪಾದನೆ ನೂರು ಕೋಟಿ ಟನ್ನನ್ನು ದಾಟಿತು.

ಹಗಲಿನ ಬಿಸಿಲನ್ನು ಇರುಳಿಗೆ ಕೂಡಿಡುವುದು ಹೇಗೆಂಬುದೇ ಈಗಿನ ಮುಖ್ಯ ಪ್ರಶ್ನೆ. ಬ್ಯಾಟರಿ ಒಂದು ದಾರಿ. ಹಗಲಿನಲ್ಲಿ ನೀರನ್ನು ಮೇಲಿನ ಜಲಾಶಯಕ್ಕೆತ್ತಿ ಸಂಜೆ ಕೆಳಗಿಳಿಸಿ ವಿದ್ಯುತ್ ಪಡೆಯುವುದು ಇನ್ನೊಂದು. ಶರಾವತಿ ಕಣಿವೆಯ 2,000 ಮೆಗಾವ್ಯಾಟ್‌ನ ಭೂಗತ ಯೋಜನೆ ಈ ಎರಡನೆಯ ಬಗೆಯದು. ಸಿಂಗಳೀಕಗಳ ಕಾಡಿನಲ್ಲಿ ಸುರಂಗ ತೋಡುವುದರ ಸುತ್ತ ತೀವ್ರ ಚರ್ಚೆ ನಡೆದಿದೆ. ಬಿಸಿಲಿನ ವಿದ್ಯುತ್ತಿಗೂ ಕೊನೆಗೆ ನಮ್ಮ ಜಿಲ್ಲೆಯ ಕಣಿವೆಯೇ ಬೇಕಾಯಿತೆಂಬುದು ಚಿಂತನಾರ್ಹ.

ಅಡುಗೆಮನೆಯ ಸಾಕ್ಷ್ಯ

ಹೊಸ ಮೂಲ ಬಂದೊಡನೆ ಹಳೆಯದು ಹೋಗುತ್ತದೆಂಬ ನಂಬಿಕೆಯನ್ನು ನಮ್ಮ ಅಡುಗೆಮನೆಗಳೇ ಅಲ್ಲಗಳೆಯುತ್ತವೆ. ಕೈಗಾದ ತಂತಿಗಳು ಹಾದುಹೋಗುವ ಗುಡ್ಡದ ಕೆಳಗಿನ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಇದೆ. ಬಚ್ಚಲ ಹಂಡೆಯ ಕೆಳಗೆ ಕಟ್ಟಿಗೆಯೂ ತೆಂಗಿನ ಸಿಪ್ಪೆಯೂ ಉರಿಯುತ್ತವೆ. ಒಂದರ ಮೇಲೊಂದು ಪದರವಾಗಿ ಶಕ್ತಿಮೂಲಗಳು ಸೇರುತ್ತ ಹೋಗಿವೆ.

ಇದನ್ನು ಮನಗಂಡು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ವಿಭಾಗ, 1974ರಲ್ಲಿ ಹುಟ್ಟಿದ್ದು, ಕಟ್ಟಿಗೆಯನ್ನು ಉಳಿಸಿ ಹೊಗೆಯನ್ನು ಹೊರಹಾಕುವ 'ಅಸ್ತ್ರ ಒಲೆ'ಯನ್ನು ರೂಪಿಸಿತು. ಶಿರಸಿ ಸೀಮೆಯ ಮನೆಗಳಲ್ಲಿ ಗೋಬರ್ ಗ್ಯಾಸ್ ನೆಲೆಯೂರಿದ ರೀತಿ ದೇಶಕ್ಕೇ ಮಾದರಿಯೆನಿಸಿತು. ಸಗಣಿ ಕೊಟ್ಟಿಗೆಯದು, ಅನಿಲ ಒಲೆಗೆ, ಉಳಿದ ಬಗ್ಗಡ ತೋಟಕ್ಕೆ. ಬಳಸುವವರೇ ಹೊರೆ ಹೊರುವವರೂ ಆಗಿದ್ದಾರೆ. ಕಡಿದ ಕಾಡನ್ನು ಮತ್ತೆ ಬೆಳೆಸುವುದೂ ಶಕ್ತಿಯ ಲೆಕ್ಕಕ್ಕೇ ಸೇರಿದ್ದು. ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ಬಾಳೆಲ್ಲ ಸಸಿ ಬೆಳೆಸಿ ಪದ್ಮಶ್ರೀ ಪಡೆದ, 2024ರಲ್ಲಿ ಅಗಲಿದ ಅಂಕೋಲೆ ತಾಲೂಕಿನ ತುಳಸಿ ಗೌಡರನ್ನು ಇಲ್ಲಿ ಸ್ಮರಿಸಬೇಕು.

ಸಿಲಿಂಡರಿನ ಅನಿಲ ದೂರದಿಂದ ರಸ್ತೆಯ ಮೇಲೆ ಬರುತ್ತದೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹಲವರ ಪ್ರಾಣ ಹೋದಾಗ, ಅನಿಲದ ಟ್ಯಾಂಕರೊಂದು ಗಂಗಾವಳಿಯಲ್ಲಿ ಕೊಚ್ಚಿಹೋಯಿತು. ದಂಡೆಯ ಜನ ಜೀವ ಕೈಯಲ್ಲಿ ಹಿಡಿದು ಕಾಯಬೇಕಾಯಿತು. ಹೊಗೆಯಿಲ್ಲದ ಒಲೆಯ ಹಿಂದೆಯೂ ಇಂಥ ದಾರಿಯಿದೆ.

ಉಪಸಂಹಾರ

ಮೇಲಿನ ವಿವರಣೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಯಾವ ಶಕ್ತಿಮೂಲವೂ ತಾನೊಂದೇ ಬರುವುದಿಲ್ಲ. ಊರುಗಳ ಏಳುಬೀಳನ್ನೂ ದುಡಿಮೆಯ ಹಂಚಿಕೆಯನ್ನೂ ಅದು ಜೊತೆಗೆ ತರುತ್ತದೆ. ಎರಡನೆಯದಾಗಿ, ಹೊಸದು ಹಳೆಯದನ್ನು ಪೂರ್ಣವಾಗಿ ಅಳಿಸುವುದಿಲ್ಲ. ಮೂರನೆಯದಾಗಿ, ಕಟ್ಟಿಗೆಯಿಂದ ತಂತಿಗೆ ಬಂದಷ್ಟೂ ಬೆಳಕು ಪಡೆಯುವವರಿಗೂ ಅದಕ್ಕಾಗಿ ನೆಲ ಕೊಟ್ಟವರಿಗೂ ನಡುವಿನ ಅಂತರ ಹೆಚ್ಚಿದೆ. ಈ ಮೂರನೆಯದೇ ನಮ್ಮನ್ನು ಹೆಚ್ಚಾಗಿ ತಟ್ಟಬೇಕಾದದ್ದು.

ಶಾಲೆಗಳು ಇಲ್ಲಿ ಏನು ಮಾಡಬಹುದು? ವಿಜ್ಞಾನದ ಶಿಕ್ಷಕರು ತಿಂಗಳಿಗೊಮ್ಮೆ ಮಕ್ಕಳಿಂದಲೇ ಶಾಲೆಯ ಮೀಟರನ್ನು ಓದಿಸಿ, ಬಂದ ಯೂನಿಟ್ಟನ್ನು ಆಳುಗಳ ದಿನದ ಲೆಕ್ಕಕ್ಕೆ ತಿರುಗಿಸಿ ಬರೆಸಬಹುದು. ಪ್ರವಾಸಕ್ಕೆ ಸೂಪಾ ಅಣೆಕಟ್ಟಿಗೆ ಕರೆದೊಯ್ಯುವಾಗ ರಾಮನಗರಕ್ಕೂ ಕರೆದೊಯ್ದು, ಮುಳುಗಿದ ಊರನ್ನು ಕಂಡ ಹಿರಿಯರು ಇರುವಾಗಲೇ ಅವರ ಮಾತನ್ನು ಮಕ್ಕಳಿಂದ ಬರೆಸಿಡಬಹುದು. ದಾನ ನೀಡಲು ಬಯಸುವ ಹಳೆಯ ವಿದ್ಯಾರ್ಥಿಗಳು ಚಾವಣಿಯ ಸೌರಫಲಕವನ್ನೋ ದಾಸೋಹದ ಅಡುಗೆಮನೆಗೆ ಹೊಗೆಯಿಲ್ಲದ ಒಲೆಯನ್ನೋ ಕೊಟ್ಟರೆ, ಅದು ಹಿಂದಿನವರು ಕೊಡುತ್ತಿದ್ದ ಕಟ್ಟಿಗೆಯ ಗಾಡಿಯ ಮುಂದುವರಿಕೆಯೇ ಆದೀತು.

ದಾಸೋಹದಲ್ಲಿ ಕೊಟ್ಟವರ ಹೆಸರನ್ನು ಗೋಡೆಯ ಮೇಲೆ ಕೆತ್ತಿಸುವ ಪದ್ಧತಿ ನಮ್ಮಲ್ಲಿದೆ. ನಾಡಿನ ಬೆಳಕಿನ ದಾಸೋಹಕ್ಕೆ ತಮ್ಮ ಮನೆ, ಗದ್ದೆ, ದೇವರ ಗುಡಿಗಳನ್ನೇ ಕೊಟ್ಟವರು ಕಾಳಿಯ ಕಣಿವೆಯವರು. ಅವರದು ಸ್ವಇಚ್ಛೆಯ ದಾನವಾಗಿರಲಿಲ್ಲವೆಂಬ ಕಾರಣದಿಂದ ನಮ್ಮ ಋಣ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಮುಂದೆ ಕೈಗೊಳ್ಳುವ ಯೋಜನೆಗಳಲ್ಲಿ ಅವರನ್ನು ಮೊದಲು ಕೇಳುವುದು, ಕೊಟ್ಟ ಮಾತನ್ನು ಸಲ್ಲಿಸುವುದು, ಪಡೆದ ಬೆಳಕನ್ನು ಹಿತಮಿತವಾಗಿ ಬಳಸುವುದು - ಆ ಋಣವನ್ನು ತೀರಿಸುವ ದಾರಿಗಳು ಇವು.